ಮುಟ್ಟು ನಿಂತದ್ದಕ್ಕೆ ತಲೆ ಸ್ಕ್ಯಾನ್ ಯಾಕೆ?

ಮಗಳಿಗೆ 16 ವರ್ಷ, ಏಳು ತಿಂಗಳಿಂದ ಮುಟ್ಟಾಗಿಲ್ಲ, ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು ಜಾಸ್ತಿ ಇದೆ ಅಂತ ತಲೆಗೆ ಎಂಆರ್‌ಐ ಬರೆದುಕೊಟ್ಟಿದ್ದಾರೆ, ಮುಟ್ಟಿಗೂ ತಲೆಗೂ ಏನು ಸಂಬಂಧ ಅಂತ ಕೇಳಿದ್ದೀರಿ. ನನಗೆ 17ರಲ್ಲಿ ಇದೇ ಆಗಿತ್ತು. ನಮ್ಮಮ್ಮ ಕೇಳಿದ್ದೂ ಇದನ್ನೇ.

ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇರುತ್ತದೆ. ಅಂಡಾಶಯಕ್ಕೆ ಕೆಲಸ ಹೇಳುವ ಹಾರ್ಮೋನುಗಳು ಬರುವುದು ಅಲ್ಲಿಂದ. ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ನೂ ಅಲ್ಲಿಂದಲೇ. ಅಲ್ಲೊಂದು ಸಣ್ಣ ಗಡ್ಡೆ ಬೆಳೆದು ಪ್ರೊಲ್ಯಾಕ್ಟಿನ್ ಏರಿತೆಂದರೆ ಉಳಿದವು ತಗ್ಗುತ್ತವೆ, ಮುಟ್ಟು ನಿಲ್ಲುತ್ತದೆ. ಮಗುವಿಗೆ ಹಾಲೂಡಿಸುವ ತಾಯಿಗೆ ಮುಟ್ಟು ತಡವಾಗುತ್ತದಲ್ಲ, ಅದೇ ಲೆಕ್ಕ.

ಹಾಗಂತ ಗಡ್ಡೆಯೇ ಇರಬೇಕೆಂದೇನಿಲ್ಲ. ಥೈರಾಯ್ಡ್ ಕಡಿಮೆಯಾದರೂ ಪ್ರೊಲ್ಯಾಕ್ಟಿನ್ ಏರುತ್ತದೆ. ವಾಂತಿಗೆ ಕೊಡುವ ಡೊಂಪೆರಿಡೋನ್, ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ತಗೊಂಡರೂ ಅಷ್ಟೇ. ಮೊದಲು ಗರ್ಭ ಪರೀಕ್ಷೆ ಮಾಡಿಸಿದರೆ ಸಿಟ್ಟಾಗಬೇಡಿ, ಅದನ್ನು ಎಲ್ಲರಿಗೂ ಮಾಡುತ್ತಾರೆ.

ಒಂದು ವಿಷಯ ಮಾತ್ರ ಅವಳೊಬ್ಬಳೇ ಇದ್ದಾಗ ಕೇಳಿ: ಎದೆಯಿಂದ ಹಾಲಿನಂಥದ್ದು ಬರುತ್ತಿದೆಯಾ? ನನಗೆ ಬರುತ್ತಿತ್ತು. ಬ್ರಾ ಒಳಗೆ ಅಂಗಿ ಗುಂಡಿಯಗಲದ ಕಲೆ, ಒಣಗಿದ ಮೇಲೆ ಗಂಜಿ ಹಾಕಿದ ಬಟ್ಟೆಯಂತೆ ಗಡುಸು. ಅಮ್ಮ ಏನೆಂದುಕೊಳ್ಳುತ್ತಾರೋ ಅಂತ ನಾಲ್ಕು ತಿಂಗಳು ನನ್ನ ಬಟ್ಟೆ ನಾನೇ ಒಗೆದುಕೊಂಡೆ. ಕೊನೆಗೆ ಡಾಕ್ಟರು ಅಮ್ಮನನ್ನು ಹೊರಗೆ ಕೂರಿಸಿ ಕೇಳಿದಾಗ ಬಾಯಿಬಿಟ್ಟೆ.

ಸ್ಕ್ಯಾನಿನಲ್ಲಿ 6 ಮಿ.ಮೀ. ಗಡ್ಡೆ ಕಂಡಿತು. 10ಕ್ಕಿಂತ ಕಡಿಮೆ ಇದ್ದರೆ ಚಿಕ್ಕದು ಅಂತಲೇ ಲೆಕ್ಕ. ಈ ಗಡ್ಡೆಗಳು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಆಪರೇಷನ್ ಬೇಕಾಗಲಿಲ್ಲ, ಪ್ರೊಲ್ಯಾಕ್ಟಿನ್ ತಗ್ಗಿಸುವ ಕ್ಯಾಬರ್ಗೋಲಿನ್ ಮಾತ್ರೆ ವಾರಕ್ಕೆರಡು ಸಲ, ರಾತ್ರಿ ಊಟದ ಮೇಲೆ. ಮೊದಲ ಸಲ ನುಂಗಿ ಬೆಳಿಗ್ಗೆ ದಡಕ್ಕನೆ ಎದ್ದವಳು ತಲೆಸುತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಮೂರನೇ ತಿಂಗಳಿಗೆ ಮುಟ್ಟಾಯಿತು.

ಗಡ್ಡೆ ದೊಡ್ಡದಾದರೆ ಕಣ್ಣಿನ ನರ ಒತ್ತುತ್ತದೆ. ತಲೆನೋವಿನ ಜೊತೆಗೆ ಪಕ್ಕದಲ್ಲಿ ಬರುವವರು ಕಾಣದೆ ಡಿಕ್ಕಿ ಹೊಡೆಯುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಕಾರಣ ಹುಡುಕದೆ ಬರೀ ಮುಟ್ಟು ಬರಿಸುವ ಮಾತ್ರೆ ಕೊಡಿಸುವುದೂ ಬೇಡ. ಮೂಳೆ ಗಟ್ಟಿಯಾಗುವ ವಯಸ್ಸಿದು, ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾದರೆ ಪೆಟ್ಟು ಬೀಳುವುದು ಅದಕ್ಕೆ.

ಪ್ರೊಲ್ಯಾಕ್ಟಿನ್ ಎಷ್ಟು ಅಂತ ನೀವು ಬರೆದಿಲ್ಲ. ಮಾಮೂಲಿ ಮಿತಿ ಮಿಲಿಲೀಟರಿಗೆ ಸುಮಾರು 25 ನ್ಯಾನೋಗ್ರಾಂ (ng/mL). ಮೂವತ್ತು ನಲವತ್ತಾದರೆ ಸೂಜಿಯ ಗಾಬರಿಗೂ ಏರಿರಬಹುದು, ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಇನ್ನೊಮ್ಮೆ ರಕ್ತ ಕೊಡಿಸಿ. ನನ್ನದು 140 ಇತ್ತು.