ಮಲ್ಲಿಗೆ ಗಿಡದಲ್ಲಿ ಬರೀ ಸೊಪ್ಪು, ಮೊಗ್ಗೇ ಇಲ್ಲ: ಪ್ರತಿಕ್ರಿಯೆ

ಕುವೆಂಪುನಗರದ ಮನೆ ತಾರಸಿ, ಕುಂಡದಲ್ಲಿ ಮೂರು ವರ್ಷದ ಮೈಸೂರು ಮಲ್ಲಿಗೆ, ತಿಂಗಳಿಗೊಮ್ಮೆ ಯೂರಿಯಾ, ಆದ್ರೂ ಹೂ ಇಲ್ಲ ಅಂತ ಕೇಳಿದ್ದೀರಿ. ಮೊದಲು ಆ ಯೂರಿಯಾ ನಿಲ್ಸಿ ಸಾರ್. ಸೊಪ್ಪು ಮಾರೋದಿದ್ರೆ ಬೇರೆ ಮಾತು!

ಮಲ್ಲಿಗೆ ಮೊಗ್ಗು ಕಟ್ಟೋದು ಹೊಸ ಚಿಗುರಿನ ತುದಿಯಲ್ಲಿ. ಸವರದೇ ಬಿಟ್ರೆ ಹಳೇ ಕಡ್ಡಿ ಉದ್ದವಾಗ್ತಾ ಹೋಗುತ್ತೆ ಅಷ್ಟೆ. ನವೆಂಬರ್ ಕೊನೆಗೆ ಹತ್ತು ದಿನ ನೀರು ತೀರಾ ಕಮ್ಮಿ ಮಾಡಿ. ಎಲೆ ಸ್ವಲ್ಪ ಬಾಡಲಿ, ಹೆದರ್ಬೇಡಿ. ಆಮೇಲೆ ಮಣ್ಣಿನಿಂದ ಒಂದೂವರೆ ಅಡಿ ಬಿಟ್ಟು ಎಲ್ಲಾ ಕಡ್ಡಿ ಕತ್ತರಿಸಿ. ಗಿಣ್ಣಿಗಿಂತ ಕಾಲಿಂಚು ಮೇಲೆ, ಓರೆಯಾಗಿ. ಕತ್ತರಿ ಮೊಂಡಾಗಿದ್ರೆ ಕಡ್ಡಿ ಸಿಗಿದು ತುದಿಯಿಂದ ಒಣಗುತ್ತೆ. ಉಳಿದ ಎಲೆಗಳನ್ನೂ ಕಿತ್ತುಬಿಡಿ.

ಮೇಲಿನ ಎರಡಿಂಚು ಮಣ್ಣು ಕೆದಕಿ, ಎರಡು ಬೊಗಸೆ ಹಳೇ ಸಗಣಿ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ನೀರು ಕೊಡಿ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು.

ನರ ಹಸಿರು, ಎಲೆ ಹಳದಿ ಅಂದಿರಲ್ಲ, ಅದು ಹೆಚ್ಚಾಗಿ ಬೋರ್‌ವೆಲ್‌ನ ಗಡಸು ನೀರಿಂದ ಕಬ್ಬಿಣದಂಶ ಸಿಗದೆ ಆಗೋದು. ಕಾವೇರಿ ನೀರೋ ಮಳೆ ನೀರೋ ಹಾಕಿ. ಮೊಗ್ಗು ನೇರಳೆಯಾಗಿ ತೂತು ಬಿದ್ರೆ ಹುಳ. ಆ ಮೊಗ್ಗು ಕಿತ್ತು, ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಚೂರು ಸೋಪು ಕಲಸಿ ಸಂಜೆ ಹೊಡೀರಿ.