ಕಬಿನಿ ದಂಡೆಯ ವಾಸ್ತವ್ಯ: ಸ್ಥಳೀಯರಿಗೆ ಪಾಲೆಷ್ಟು?

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಕಬಿನಿ ದಂಡೆಯ ಸಫಾರಿ ಲಾಡ್ಜ್‌ನಲ್ಲಿ ತಂಗಬೇಕೆಂದಿದ್ದೇವೆ. ನಾವು ಕೊಡುವ ಹಣ ಅಲ್ಲಿನ ಹಳ್ಳಿಗಳಿಗೂ ತಲುಪುವಂಥ ಲಾಡ್ಜ್ ಅನ್ನು ಗುರುತಿಸುವುದು ಹೇಗೆ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಪ್ರಶ್ನೆ ಓದಿ ನಿಜಕ್ಕೂ ಸಂತೋಷವಾಯಿತು. ಕಬಿನಿ ಜಲಾಶಯದ ಹಿನ್ನೀರು ಮತ್ತು ನಾಗರಹೊಳೆ ಅರಣ್ಯದ ಅಂಚಿನ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಜೇನು ಕುರುಬ, ಬೆಟ್ಟ ಕುರುಬ ಸಮುದಾಯಗಳು ತಲೆಮಾರುಗಳಿಂದ ಬದುಕಿವೆ. ಅಣೆಕಟ್ಟೆಗಾಗಿ, ಕಾಡಿನ ಸಂರಕ್ಷಣೆಗಾಗಿ ನೆಲೆ ಕಳೆದುಕೊಂಡ ಕುಟುಂಬಗಳೂ ಅಲ್ಲಿವೆ. ಆದ್ದರಿಂದ ಕೊಠಡಿ ಕಾಯ್ದಿರಿಸುವ ಮುನ್ನವೇ ದೂರವಾಣಿಯಲ್ಲಿ ವಿಚಾರಿಸಿ: ಸಿಬ್ಬಂದಿಯಲ್ಲಿ ಸುತ್ತಲಿನ ಹಾಡಿ (ಆದಿವಾಸಿಗಳ ವಸತಿ), ಹಳ್ಳಿಗಳವರು ಎಷ್ಟು ಮಂದಿ, ಅವರು ಪಾತ್ರೆ ತೊಳೆಯುವ ಕೆಲಸಕ್ಕಷ್ಟೇ ಸೀಮಿತರೋ ಅಥವಾ ಸಫಾರಿ ಮಾರ್ಗದರ್ಶಕರಾಗಿಯೂ ಇದ್ದಾರೋ, ರಾಗಿ, ತರಕಾರಿ, ಹಾಲನ್ನು ಅಲ್ಲಿನ ರೈತರಿಂದಲೇ ಕೊಳ್ಳುತ್ತಾರೋ? ಸ್ಪಷ್ಟ ಉತ್ತರ ಕೊಡಲು ಹಿಂಜರಿಯುವ ಲಾಡ್ಜ್ ಅನ್ನು ನಾನಂತೂ ಆಯ್ದುಕೊಳ್ಳುವುದಿಲ್ಲ. ಹಾಡಿಯ ಜನರನ್ನು ಪ್ರದರ್ಶನದ ವಸ್ತುವಿನಂತೆ ತೋರಿಸುವ ಪ್ರವಾಸಗಳನ್ನೂ ದಯವಿಟ್ಟು ನಿರಾಕರಿಸಿ.

ಕಾರಾಪುರದಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯ ಲಾಡ್ಜ್ ಇದೆ, ಖಾಸಗಿಯವೂ ಇವೆ. ಎಲ್ಲರಿಗೂ ಇದೇ ಪ್ರಶ್ನೆಗಳನ್ನು ಕೇಳಬಹುದು.

ಬೇಸಿಗೆಯ ಆಯ್ಕೆ ಸರಿಯಾಗಿಯೇ ಇದೆ. ಮಾರ್ಚ್‌ನಿಂದ ಮೇ ವರೆಗೆ ನೀರು ಇಳಿದು ಹಸಿರು ಹುಲ್ಲು ಚಿಗುರುವ ದಂಡೆಗೆ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ತುಮಕೂರಿನಿಂದ ಕುಣಿಗಲ್, ಮೈಸೂರು, ಎಚ್.ಡಿ. ಕೋಟೆ ಮೂಲಕ ಹೋಗಬಹುದು. ಸಫಾರಿಗಳು ಅರಣ್ಯ ಇಲಾಖೆಯ ಅನುಮತಿಗೆ ಒಳಪಟ್ಟಿರುವುದರಿಂದ ಅವು ನಡೆಯುತ್ತಿವೆಯೇ ಎಂದು ಹೊರಡುವ ಮುನ್ನ ಖಚಿತಪಡಿಸಿಕೊಳ್ಳಿ.