ಕಂದಾಯ ರಶೀದಿ ಇದ್ದರೆ ಸಾಕಾ?

ಪ್ರಶ್ನೆ: ಮಡಿಕೇರಿ ನಗರಸಭೆ ವ್ಯಾಪ್ತಿಯಲ್ಲಿ ಆರು ಸೆಂಟ್ ಜಾಗದ ಹಳೇ ಹೆಂಚಿನ ಮನೆ ನೋಡಿದ್ದೇವೆ. ಮಾಲೀಕರು ಹತ್ತು ವರ್ಷದ ಕಂದಾಯ ರಶೀದಿ ಜೋಡಿಸಿಟ್ಟಿದ್ದಾರೆ. "ಇನ್ನೇನು ಬೇಕು, ನಾಳೆಯೇ ಅಡ್ವಾನ್ಸ್ ಕೊಡಿ" ಅಂತ ಬ್ರೋಕರ್ ಒತ್ತಾಯ. ನಗರಸಭೆಯಲ್ಲಿ ಏನೇನು ನೋಡಬೇಕು ಸರ್?
– ಓದುಗರು, ಸುಂಟಿಕೊಪ್ಪ

ಉತ್ತರ: ಅಡ್ವಾನ್ಸ್ ಸದ್ಯಕ್ಕೆ ತಡೆಯಿರಿ. ಕಂದಾಯ ರಶೀದಿ ಕಂದಾಯ ಕಟ್ಟಿದ್ದಕ್ಕೆ ಮಾತ್ರ ಸಾಕ್ಷಿ. ಮನೆ ಅವರದ್ದೇ ಅನ್ನುವುದಕ್ಕೂ ಅಲ್ಲ, ಲೈಸೆನ್ಸ್ ತೆಗೆದು ಕಟ್ಟಿದ್ದು ಅನ್ನುವುದಕ್ಕೂ ಅಲ್ಲ. ಅನಧಿಕೃತ ಕಟ್ಟಡಕ್ಕೂ ಕಂದಾಯ ಹಾಕುತ್ತಾರೆ. ಹಾಕಿದ ಮಾತ್ರಕ್ಕೆ ಅದು ಸಕ್ರಮ ಆಗುವುದಿಲ್ಲ.

ಬಿಲ್ ಕಲೆಕ್ಟರ್ ಆಗಿ ಊರವರ ಕಡತಗಳನ್ನೆಲ್ಲ ತಿರುವಿ ಹಾಕಿದವನು ನಾನು. ಆದರೆ ನನ್ನ ಮನೆ ಕೊಳ್ಳುವಾಗ ಕಡತ ಕೇಳಲಿಲ್ಲ. ಮಾರುವವರು ಪರಿಚಯದವರು, ಕೇಳಿದರೆ ಬೇಜಾರಾದಾರು ಅನ್ನುವ ಸಂಕೋಚ. ಎರಡು ವರ್ಷ ಬಿಟ್ಟು ಮಹಡಿ ಕಟ್ಟಲು ಅರ್ಜಿ ಹಾಕಿದಾಗ ಕಡತ ಹೊರಬಂತು. ನಾಲ್ಕಾಗಿ ಮಡಚಿದ ನೀಲಿ ನಕ್ಷೆ, ಮಡಿಕೆ ಬಿದ್ದಲ್ಲೆಲ್ಲ ಹರಿದಿತ್ತು. ನಾವು ಮಲಗುವ ಕೋಣೆ ಇರಬೇಕಾದ ಕಡೆ ಒಂದು ಸಣ್ಣ ಚೌಕ. ಅದರೊಳಗೆ ಸೊಟ್ಟ ಅಕ್ಷರದಲ್ಲಿ 'ಸೌದೆ ಕೊಟ್ಟಿಗೆ'! ಅದರ ಹಿಂದೆ ಬರೆಯವರೆಗೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಯವರೆಗೆ, ಎಂಟು ಅಡಿ ಖಾಲಿ ಜಾಗ ಅಂತ ಬರೆದಿತ್ತು. ನಿಜದಲ್ಲಿ ಅಲ್ಲಿ ಒಬ್ಬರು ಓರೆಯಾಗಿ ನುಸುಳಬೇಕು. ಮಹಡಿಗೆ ಲೈಸೆನ್ಸ್ ಸಿಗಲಿಲ್ಲ. 2018ರ ಆಗಸ್ಟ್ ಮಳೆಯಲ್ಲಿ ಬರೆ ಕುಸಿದೀತು ಅನ್ನುವ ಭಯಕ್ಕೆ ಆ ಕೋಣೆಗೆ ಬೀಗ ಹಾಕಿ ಹಜಾರದಲ್ಲಿ ಮಲಗಿದೆವು. ಈಗಲೂ ನಾನು ಮಾತಿಗೆ ತಪ್ಪಿದರೆ, "ಇವತ್ತು ಸೌದೆ ಕೊಟ್ಟಿಗೇಲೇ ಮಲಗಿ" ಅನ್ನುತ್ತಾಳೆ ಹೆಂಡತಿ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಮೊದಲು ಇ-ಆಸ್ತಿ ಖಾತೆ, ಅಂದರೆ ನಮೂನೆ 3 ಕೇಳಿ. ಅದರಲ್ಲಿರುವ ಹೆಸರು, ಅಳತೆ, ಚೆಕ್ಕುಬಂದಿ ಕ್ರಯಪತ್ರಕ್ಕೆ ತಾಳೆಯಾಗಬೇಕು. ಖಾತೆ ಒಂದೇ ಇದ್ದರೂ ಸಾಲದು, ಒಡೆತನ ಗೊತ್ತಾಗುವುದು ಕ್ರಯಪತ್ರ, ವಿಭಾಗಪತ್ರಗಳಿಂದ. ಸಬ್ ರಿಜಿಸ್ಟ್ರಾರ್ ಕಚೇರಿಯ ಇ.ಸಿ. (ಋಣಭಾರ ಪತ್ರ, ಅಂದರೆ ಆ ಜಾಗದ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿ) 30 ವರ್ಷದ್ದು ತೆಗೆಸಿ. 13 ವರ್ಷದ್ದೇ ಸಾಕು ಅನ್ನುವವರು ಸಿಗುತ್ತಾರೆ, ಕೇಳಬೇಡಿ. ನೋಂದಣಿ ಆಗದ ಕರಾರು ಇ.ಸಿ.ಯಲ್ಲಿ ಕಾಣುವುದಿಲ್ಲ. ಅದಕ್ಕೆ ಅಕ್ಕಪಕ್ಕದ ಮನೆಯವರ ಜೊತೆ ಸುಮ್ನೆ ಒಂದು ಲೋಟ ಕಾಫಿ ಕುಡಿಯಿರಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಜಾಗ ಮೂಲದಲ್ಲಿ ಜಮ್ಮಾ ಬಾಣೆ, ಅಂದರೆ ಕೊಡಗಿನ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮೀನು, ಆಗಿತ್ತಾ ಅಂತ ಹಳೇ ಪಹಣಿ ನೋಡಿ. ಹೌದಾದರೆ ಪಟ್ಟೇದಾರರ (ದಾಖಲೆಯಲ್ಲಿ ಹೆಸರಿರುವ ಮನೆತನದ ಹಿರಿಯರ) ಜೊತೆ ಇಡೀ ಒಕ್ಕದವರ, ಅಂದರೆ ಮನೆತನದವರ, ಹಕ್ಕು ಬರಬಹುದು, ಒಬ್ಬರ ಸಹಿ ನಂಬಿ ದುಡ್ಡು ಕೊಡಬೇಡಿ. ಇದನ್ನು ಮಾತ್ರ ವಕೀಲರಿಗೇ ಬಿಡಿ. ಪಹಣಿ ಇನ್ನೂ ಕೃಷಿ ಜಮೀನು ಅನ್ನುತ್ತಿದ್ದರೆ ಭೂ ಪರಿವರ್ತನೆ ಆದೇಶವೂ ಬೇಕು.

ಕೊನೆಗೆ ಕಟ್ಟಡ ಲೈಸೆನ್ಸ್ ಮತ್ತು ಮಂಜೂರಾದ ನಕ್ಷೆ. ಇದನ್ನು ಯಾರೂ ಕೇಳುವುದಿಲ್ಲ, ಜಾಸ್ತಿ ಗೋಳು ಹುಟ್ಟುವುದೂ ಇಲ್ಲಿಂದಲೇ. "ಎಲ್ಲೋ ಕಳೆದುಹೋಗಿದೆ" ಅಂದರೆ ದೃಢೀಕೃತ ಪ್ರತಿಗೆ ಮಾಲೀಕರಿಂದಲೇ ಅರ್ಜಿ ಹಾಕಿಸಿ. ಆಗಲೂ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅಷ್ಟು ದಿನ ಕಾಯಲು ಮಾಲೀಕರು ಒಪ್ಪದಿದ್ದರೆ ಅದೇ ಒಂದು ಉತ್ತರ ಅಲ್ವಾ?

ನಕ್ಷೆ ಸಿಕ್ಕ ದಿನ ಟೇಪು ಹಿಡಿದು ಮನೆಗೆ ಹೋಗಿ. ಹಿಂಭಾಗದಿಂದ, ಬರೆಯ ಕಡೆಯಿಂದ ಅಳೆಯಲು ಶುರು ಮಾಡಿ. ಟೇಪಿನ ಇನ್ನೊಂದು ತುದಿ ಹಿಡಿಯಲು ನಿಮ್ಮ ಬ್ರೋಕರನ್ನೇ ಕರೆಯಿರಿ. ಹೇಗೂ ಅವರಿಗೆ ಅವಸರ ಇದೆಯಲ್ಲ.